ಹುಳುಮನೆಯಲ್ಲಿ ನಾಲ್ಕನೆಯ ದನಿ

ಕಾನೂನಿಗೆ ಹಳೇ ಕಾಗದದ ವಾಸನೆ ಇರುತ್ತದೆ ಎಂದು ನಮ್ಮ ಸೀನಿಯರ್ ಆಗಾಗ ಹೇಳುತ್ತಾರೆ. ಅವರ ಪಾಲಿಗೆ ಇರಬಹುದು. ನನ್ನ ಪಾಲಿಗೆ ಅದು ಸುಣ್ಣ, ಬ್ಲೀಚಿಂಗ್ ಪುಡಿ, ಮತ್ತು ರೇಷ್ಮೆ ಹುಳು ಅರ್ಧ ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪಿನ ವಾಸನೆ. ಮೊನ್ನೆ ಹೊಸ ಬೆಳೆಗೆ ಮುಂಚೆ ಅಪ್ಪ ಹುಳುಮನೆಯನ್ನು ತೊಳೆದು, ಸುಣ್ಣ ಬಳಿದು, ಬಾಗಿಲು ತೆರೆದಿಟ್ಟಿದ್ದ. ಎಷ್ಟು ತೊಳೆದರೂ ಆ ಗೋಡೆಗಳು ಹಳೆಯ ಸೊಪ್ಪಿನ ವಾಸನೆಯನ್ನು ಬಿಟ್ಟುಕೊಡುವುದಿಲ್ಲ. ಒಳಗೆ ಕಾಲಿಟ್ಟೆನೋ ಇಲ್ಲವೋ, ಬೆನ್ನು ತಾನಾಗಿ ಬಾಗಿತು, ಕಣ್ಣು ಉರಿಯಿತು, ಕೂತುಕೊಳ್ಳಲು ಪ್ಲಾಸ್ಟಿಕ್ ಕುರ್ಚಿ ಎಲ್ಲಿದೆ ಎಂದು ಕೈ ಹುಡುಕಿತು. ಆ ವರ್ಷ ಪೂರ್ತಿ ನಾನು ಹೀಗೇ ಇದ್ದೆ. ಪ್ರಪಂಚದ ಕಾನೂನನ್ನೆಲ್ಲ ನಾನು ಓದಿದ್ದು ಈ ಕೋಣೆಯಲ್ಲಿ, ಹುಳುಗಳ ಜೊತೆಯಲ್ಲಿ. ಇಬ್ಬರಲ್ಲಿ ಹೆಚ್ಚು ತಿಂದವರು ಅವರು, ಹೆಚ್ಚು ಸೊರಗಿದವನು ನಾನು.

ನಾನು ಕೊಳ್ಳೇಗಾಲದ ಕೋರ್ಟಿನಲ್ಲಿ ಜೂನಿಯರ್ ವಕೀಲ. ಮನೆ ಅಜ್ಜೀಪುರದ ಹತ್ತಿರ. ಹೆಸರು ಮಾದೇಶ, ಆದರೆ ಆ ಹೆಸರಿನಿಂದ ಯಾರೂ ಗುರುತಿಸುವುದಿಲ್ಲ. ಕೋರ್ಟಿನ ಹಿಂದಿನ ಕ್ಯಾಂಟೀನಿನಲ್ಲಿ ಕೇಳಿದರೆ 'ಅಣಕಿಸ್ತಾನಲ್ಲ, ಅವನಾ?' ಎನ್ನುತ್ತಾರೆ. ಹನೂರಿನ ಬಸ್ ಕಂಡಕ್ಟರು, ರೇಷ್ಮೆ ಗೂಡಿನ ಹರಾಜು ಕೂಗುವವರು, ಮದುವೆ ಮನೆಯ ಮೈಕಿನವನು, ಯಾರ ಗಂಟಲಾದರೂ ಒಂದು ಸಲ ಕೇಳಿದರೆ ನನ್ನ ಗಂಟಲಿಗೆ ಅಂಟಿಕೊಳ್ಳುತ್ತದೆ. ಇದರಿಂದ ಟೀ ಪುಕ್ಕಟೆ ಸಿಕ್ಕಿದೆ, ಕಕ್ಷಿದಾರರು ಸಿಕ್ಕಿಲ್ಲ. ನಾನು ಎದ್ದು ನಿಂತು 'ಸ್ವಾಮಿ' ಎಂದರೆ ಸಾಕು, ಎದುರು ಪಕ್ಷದ ವಕೀಲರು ತುಟಿ ಬಿಗಿ ಹಿಡಿಯುತ್ತಿದ್ದರು. ಇವತ್ತು ಯಾರ ದನಿ ಬರುತ್ತದೋ ಎಂದು ಇಡೀ ಕೋರ್ಟು ಕಾಯುತ್ತಿತ್ತು. ಬರುತ್ತಿದ್ದದ್ದು ಪಾಪ, ಮುಂದಿನ ತಾರೀಖು ಕೇಳುವ ಅರ್ಜಿ.

ಅದಕ್ಕೇ ಆ ಓದಿಗೆ ಅರ್ಜಿ ಹಾಕಿದ್ದು. ಕಡಲಾಚೆಯ ಒಂದು ವಿಶ್ವವಿದ್ಯಾಲಯ, ಮನೆಯಲ್ಲೇ ಕೂತು ಓದಬಹುದಾದ ಕಾನೂನಿನ ಸ್ನಾತಕೋತ್ತರ ಪದವಿ, ವಿಷಯ ದೇಶ ದೇಶಗಳ ನಡುವಿನ ವ್ಯಾಪಾರದ ವ್ಯಾಜ್ಯಗಳು. ಅರ್ಜಿ ಹಾಕಿದ್ದು ಅರ್ಧ ತಮಾಷೆಗೆ. ಸೇರಿಸಿಕೊಂಡದ್ದು ಅವರ ತಪ್ಪು. ಉಳಿದರ್ಧ ತಮಾಷೆಯಾಗಿರಲಿಲ್ಲ. ಇವನು ಚೆನ್ನಾಗಿ ಅಣಕಿಸುತ್ತಾನೆ ಎನ್ನುವವರು ಒಂದು ಸಲವಾದರೂ ಇವನು ಚೆನ್ನಾಗಿ ವಾದಿಸುತ್ತಾನೆ ಎನ್ನಲಿ ಎಂಬ ಆಸೆ ಇತ್ತು. ನನ್ನದು ಎಂದು ತೋರಿಸಲು ನನ್ನ ಹತ್ತಿರ ಒಂದು ವಸ್ತುವೂ ಇರಲಿಲ್ಲ. ಇದ್ದ ದನಿಗಳೂ ಎರವಲು.

ಊರಿನವರಿಗೆ ಇದನ್ನು ತಿಳಿಸಿ ಹೇಳುವುದೇ ಒಂದು ಪರೀಕ್ಷೆ. ಫಾರಿನ್ನಿನಲ್ಲಿ ಓದ್ತಾವ್ನೆ ಅಂತಾರೆ, ದಿನಾ ಬೆಳಗ್ಗೆ ಇಲ್ಲೇ ಸೊಪ್ಪು ಕುಯ್ತಾವ್ನೆ ಎಂದು ಡೇರಿಯ ಮುಂದೆ ಮಾತಾಯಿತು. ಪಾಸ್‌ಪೋರ್ಟೂ ಇಲ್ಲ, ಸೂಟ್‌ಕೇಸೂ ಇಲ್ಲ, ಇದೆಂಥ ಫಾರಿನ್ನು ಎಂದು ನಗೆಯಾಯಿತು. ನಾನೂ ನಕ್ಕೆ. ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು?

ನಮ್ಮ ಮನೆಯೊಳಗೆ ಸಿಗ್ನಲ್ ಬರುವುದಿಲ್ಲ. ಬರುವುದು ತೋಟದ ದಿಬ್ಬದ ಮೇಲೆ, ಅಲ್ಲಿರುವುದು ಹುಳುಮನೆ. ಅದು ಒಂದೇ ಕೋಣೆಯ ಉದ್ದನೆಯ ಶೆಡ್ಡು, ಒಂದೇ ಬಾಗಿಲು. ಒಳಗೆ ಮಹಡಿ ಮಹಡಿಯಾಗಿ ಕಟ್ಟಿದ ಅಟ್ಟಣೆ, ಅದರ ಮೇಲೆ ಹಾಸಿದ ಸೊಪ್ಪಿನಲ್ಲಿ ಹುಳುಗಳು. ನಮ್ಮ ಕಡೆ ಹುಳುಮನೆಗೆ ಬೇರೆಯವರು ಕಾಲಿಡುವುದಿಲ್ಲ. ನೆಂಟರು ಬಂದರೂ ಹೊರಗಿನ ಹುಣಸೆ ಮರದ ಕೆಳಗೇ ಮಾತು. ಹುಳುವಿಗೆ ರೋಗ ತಗಲುತ್ತದೆ ಎಂದು ರೇಷ್ಮೆ ಇಲಾಖೆಯವರು ಹೇಳುತ್ತಾರೆ, ದೃಷ್ಟಿಯಾಗುತ್ತದೆ ಎಂದು ಅವ್ವ ಹೇಳುತ್ತಾಳೆ. ಹಾಗಾಗಿ ಒಳಗೆ ಹೋಗುವವರು ಮನೆಯ ಮೂವರೇ, ಅದೂ ಬಾಗಿಲಲ್ಲಿಟ್ಟ ಸುಣ್ಣದ ಪುಡಿ ತುಳಿದು. ಹಳ್ಳಿಯ ಮನೆಯಲ್ಲಿ ಹಗಲು ಹೊತ್ತು ಬಾಗಿಲು ಹಾಕಿಕೊಂಡರೆ ಯಾರಿಗೆ ಏನಾಯಿತೋ ಎಂದು ಇಡೀ ಬೀದಿ ಬಂದು ತಟ್ಟುತ್ತದೆ. ಹುಳುಮನೆಯ ಬಾಗಿಲು ಹಾಕಿದ್ದರೆ ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಇದಕ್ಕಿಂತ ಒಳ್ಳೆಯ ವಿಶ್ವವಿದ್ಯಾಲಯ ಎಲ್ಲಿ ಸಿಗಬೇಕು?

ಸಂಜೆಯ ಪಾಠಗಳಲ್ಲಿ ಬೇರೆ ಬೇರೆ ದೇಶದವರು ಪರದೆಯ ಮೇಲೆ ಚೌಕ ಚೌಕವಾಗಿ ಕೂತಿರುತ್ತಿದ್ದರು. ಅವರ ಬೆನ್ನ ಹಿಂದೆ ಪುಸ್ತಕದ ಕಪಾಟುಗಳು. ನನ್ನ ಬೆನ್ನ ಹಿಂದೆ ಹುಳುವಿನ ಅಟ್ಟಣೆ. ಒಬ್ಬಳು ನಿಮ್ಮ ಮರದ ಶೆಲ್ಫು ತುಂಬ ಚಂದವಿದೆ, ಎಲ್ಲಿ ಮಾಡಿಸಿದಿರಿ ಎಂದು ಕೇಳಿದಳು. ಅಪ್ಪ ಬಿದಿರು ಕಡಿದು ಕಟ್ಟಿದ್ದು ಎಂದು ನಿಜ ಹೇಳಿದೆ. ಎಲ್ಲರೂ ತಲೆದೂಗಿದರು. ಮೇಲಿನ ತಟ್ಟೆಯಲ್ಲಿದ್ದ ಹುಳುಗಳೂ ತಲೆದೂಗಿದವು, ಅವು ಜ್ವರಕ್ಕೆ ಕೂರುವ ಮುನ್ನ ಹಾಗೇ ಮಾಡುತ್ತವೆ. ಹುಳು ಪೊರೆ ಬಿಡಲು ಉಪವಾಸ ಕೂರುವುದನ್ನು ನಾವು ಜ್ವರ ಎನ್ನುತ್ತೇವೆ. ನಾಲ್ಕು ಜ್ವರ ಕಳೆದರೆ ಅವಕ್ಕೆ ಗೂಡು ಕಟ್ಟುವ ಯೋಗ್ಯತೆ ಬರುತ್ತದೆ. ನನಗೆ ಆ ವರ್ಷ ಎಷ್ಟು ಜ್ವರ ಬಂದವೋ ಲೆಕ್ಕವಿಲ್ಲ, ಯೋಗ್ಯತೆಯೊಂದು ಬರಲಿಲ್ಲ.

ದಿನ ಹೀಗೆ ನಡೆಯುತ್ತಿತ್ತು. ಬೆಳಕು ಹರಿಯುವಾಗ ಅಪ್ಪನ ಜೊತೆ ಸೊಪ್ಪು ಕುಯ್ಯುವುದು. ಆಮೇಲೆ ಹನೂರಿಗೆ ಬಸ್ಸು, ಹನೂರಿನಿಂದ ಕೊಳ್ಳೇಗಾಲಕ್ಕೆ ಬಸ್ಸು. ಅಮಾವಾಸ್ಯೆಯ ಆಸುಪಾಸಿನಲ್ಲಿ ಬೆಟ್ಟದ ದೇವರಿಗೆ ಹೋಗಿಬರುವ ಜನ ತುಂಬಿ ಒಂದು ಕಾಲು ಊರಲು ಜಾಗ ಸಿಕ್ಕರೆ ಪುಣ್ಯ. ಆ ಒಂಟಿ ಕಾಲಿನ ಮೇಲೆ ನಿಂತು ಫೋನಿನಲ್ಲಿ ಯಾವುದೋ ಎರಡು ಹಡಗು ಕಂಪನಿಗಳ ಜಗಳ ಓದುತ್ತಿದ್ದೆ. ಹಗಲೆಲ್ಲ ಕೋರ್ಟು. ವಾರದಲ್ಲಿ ಒಂದೆರಡು ದಿನ ಸೀನಿಯರ್ ಜೊತೆ ಯಳಂದೂರು ಕೋರ್ಟು. ಹೊನ್ನೂರಿನ ಕಡೆಯ ಕಕ್ಷಿದಾರರು ಸೀನಿಯರಿಗೆ ಎಳನೀರು ಕೆತ್ತಿ ಕೊಟ್ಟು, ನನಗೆ ಬುರುಡೆ ಎಸೆಯಲು ಕೊಡುತ್ತಿದ್ದರು. ಸಂಜೆ ಮತ್ತೆ ಎರಡು ಬಸ್ಸು, ಮತ್ತೆ ಸುಣ್ಣ ತುಳಿದು ಒಳಗೆ, ಮತ್ತೆ ಪಾಠ. ಎಷ್ಟೋ ಸಲ ಪಾಠದ ಮೇಡಂ ಪ್ರಶ್ನೆ ಕೇಳಿದಾಗ ನಾನು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಿದ್ದೆ. ಅವರು ಸಿಗ್ನಲ್ ಹೋಯಿತು ಎಂದುಕೊಂಡು ಮುಂದಕ್ಕೆ ಹೋಗುತ್ತಿದ್ದರು. ನಮ್ಮ ಸಿಗ್ನಲ್ ಕಂಪನಿಗೆ ಬಂದ ಅಪಕೀರ್ತಿಯಲ್ಲಿ ಸ್ವಲ್ಪ ಭಾಗ ನನ್ನದು.

ಓದಿದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಕನ್ನಡದಲ್ಲಿ ಓದಿ ಬಂದವನು ನಾನು. ನನ್ನ ಇಂಗ್ಲಿಷು ಯಾರ್ಯಾರದೋ ಬಾಯಿಂದ ಕೇಳಿ ಜೋಡಿಸಿಕೊಂಡದ್ದು. ಕೊನೆಗೆ ನನಗೆ ಗೊತ್ತಿದ್ದ ಒಂದೇ ವಿದ್ಯೆಗೆ ಶರಣಾದೆ. ಪಾಠವನ್ನೆಲ್ಲ ದನಿಗಳಿಗೆ ಹಂಚಿದೆ. ವಾದದ ಭಾಗವೆಲ್ಲ ನಮ್ಮ ಸೀನಿಯರ್ ಗುರುಮಲ್ಲಪ್ಪನವರ ದನಿಗೆ. ಅವರು ಯಾವ ಕೇಸಾದರೂ ಎದ್ದು ನಿಂತು ಎರಡು ಸಲ ಕೆಮ್ಮಿ, ಮೊದಲು ಈ ಕೋರ್ಟಿಗೆ ಇದನ್ನು ಕೇಳುವ ಅಧಿಕಾರ ಇದೆಯೇ ಎಂದು ಎಳೆದು ಎಳೆದು ಶುರು ಮಾಡುತ್ತಾರೆ. ಅಂತರರಾಷ್ಟ್ರೀಯ ಕಾನೂನೂ ಶುರುವಾಗುವುದು ಅಲ್ಲಿಂದಲೇ, ಕೆಮ್ಮು ಒಂದಿಲ್ಲ ಅಷ್ಟೆ. ಪ್ರಶ್ನೆಯಿಂದ ಪ್ರಶ್ನೆಗೆ ದಾಟಲು ಕೋರ್ಟಿನ ಬಾಗಿಲಲ್ಲಿ ಕಕ್ಷಿದಾರರ ಹೆಸರು ಕೂಗುವ ಜವಾನ ನಿಂಗಯ್ಯನ ದನಿ. ಇನ್ನು ಉತ್ತರದ ಕೊನೆಯ ಪ್ಯಾರಾಕ್ಕೆ ಅವ್ವ. ಊರಿನ ಯಾವ ಕಥೆ ಹೇಳಿದರೂ ಅವ್ವನಿಗೆ ತಾಳ್ಮೆ ಇಲ್ಲ. 'ಅವೆಲ್ಲ ಬುಡು, ಕೊನ್ಗೇನಾಯ್ತು ಅದ್ ಯೋಳು' ಎನ್ನುತ್ತಾಳೆ. ತೀರ್ಮಾನದ ಪ್ಯಾರಾ ಬರೆಯಲು ಇದಕ್ಕಿಂತ ಒಳ್ಳೆಯ ಗುರು ಇಲ್ಲ.

ಕೊನೆಯ ಪರೀಕ್ಷೆ ಬಂದದ್ದು ಹಿಂಗಾರಿನ ಮಳೆಯಲ್ಲಿ. ಆ ಮಳೆ ಹುಳು ಸಾಕುವವರಿಗೆ ದೊಡ್ಡ ಪೀಡೆ. ಒದ್ದೆ ಸೊಪ್ಪು ಹಾಕಿದರೆ ಹುಳು ಕಾಯಿಲೆ ಬೀಳುತ್ತದೆ. ಕುಯ್ದ ಸೊಪ್ಪನ್ನೆಲ್ಲ ಮನೆಯ ಪಡಸಾಲೆಯಲ್ಲಿ ಹರಡಿ, ಫ್ಯಾನು ಹಾಕಿ, ಮಗುಚಿ ಮಗುಚಿ ಒಣಗಿಸಬೇಕು. ಆ ವಾರ ನಾವು ಮೂವರೂ ಸೊಪ್ಪಿನ ಸಂದಿಯಲ್ಲಿ ಮಲಗಿದೆವು. ಹುಳುಗಳು ನಾಲ್ಕನೇ ಜ್ವರ ಕಳೆದು ಎದ್ದಿದ್ದವು. ಆ ಹೊತ್ತಿನಲ್ಲಿ ಅವುಗಳ ಹಸಿವು ನೋಡಬೇಕು, ಕೊಟ್ಟಷ್ಟೂ ತಿನ್ನುತ್ತವೆ. ಪರೀಕ್ಷೆಯ ದಿನ ಅವ್ವ ಹೊಟ್ಟೆ ತುಂಬ ಸೊಪ್ಪು ಹಾಕಿ, ಸಾಯಂಕಾಲದವರೆಗೆ ಇತ್ತ ತಲೆ ಹಾಕುವುದಿಲ್ಲ ಎಂದು ಹೇಳಿ, ಬಾಗಿಲು ಎಳೆದುಕೊಂಡು ಹೋದಳು. ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಕೋಣೆಯ ಸುತ್ತ ತೋರಿಸಿದೆ. ಗೋಡೆ, ಬಾಗಿಲು, ಚಂದದ ಶೆಲ್ಫು. ಯಾರೂ ಇಲ್ಲ ಎಂದು ಒಪ್ಪಿಕೊಂಡು ಕ್ಯಾಮೆರಾ ಆರಿತು, ಮೈಕು ಮಾತ್ರ ಉಳಿಯಿತು, ಪ್ರಶ್ನೆಪತ್ರಿಕೆ ತೆರೆದುಕೊಂಡಿತು. ಆಮೇಲೆ ಏನಾಯಿತು ಎಂಬುದು ನನಗೆ ಮಂಜು ಮಂಜು. ಬರೆದೆ. ಮುಗಿಸಿದೆ. ಕುರ್ಚಿಯಲ್ಲೇ ತಲೆ ವಾಲಿಸಿ ಮಲಗಿದೆ.

ಹುಳು ಗೂಡು ಕಟ್ಟಿ, ನಾವು ಬಿಡಿಸಿ, ಮಾರಿಯೂ ಆದ ಮೇಲೆ ವಿಶ್ವವಿದ್ಯಾಲಯದಿಂದ ಮೇಲ್ ಬಂತು. ಅವರ ಇಂಗ್ಲಿಷು ಬಹಳ ಮರ್ಯಾದೆಯದು, ಬೈಗುಳ ಅರ್ಥವಾಗಲು ಎರಡು ಸಲ ಓದಬೇಕು. ಪರೀಕ್ಷೆಯ ಧ್ವನಿಮುದ್ರಣದಲ್ಲಿ ಕೋಣೆಯೊಳಗೆ ಕನಿಷ್ಠ ನಾಲ್ವರು ಮಾತನಾಡಿರುವುದು ಕೇಳಿಬಂದಿದೆ: ಇಬ್ಬರು ವಯಸ್ಸಾದ ಗಂಡಸರು, ಒಬ್ಬಳು ಹೆಂಗಸು, ಇನ್ನೊಬ್ಬ ಗಂಡಸು. ಜೊತೆಗೆ ಉದ್ದಕ್ಕೂ ಯಾರೋ ಕಾಗದ ಮಗುಚುತ್ತಿರುವ ಸದ್ದು ಇದೆ. ಇದು ನಕಲು ಎಂದು ಮೇಲ್ನೋಟಕ್ಕೆ ಕಾಣುತ್ತದೆ. ಮೂವರ ಸಮಿತಿಯ ಮುಂದೆ ಹಾಜರಾಗಿ ಸಮಜಾಯಿಷಿ ಕೊಡಿ.

ಓದಿ ನಗು ಬಂತು. ನಕ್ಕು ಮುಗಿದ ಮೇಲೆ ಇನ್ನೊಂದು ಸಲ ಓದಿದೆ. ಬಾಯೊಳಗೆ ಗೊಣಗುತ್ತ ಬರೆದಿದ್ದೆನೆಂದು ನನಗೇ ಗೊತ್ತಿರಲಿಲ್ಲ. ಸಮಿತಿ ನಂಬದಿದ್ದರೆ ಪದವಿ ಹೋಗುತ್ತಿತ್ತು, ಅದಿರಲಿ. ನಕಲು ಮಾಡಿ ಸಿಕ್ಕಿಬಿದ್ದ ವಕೀಲ ಎಂಬ ಹೆಸರು ಉಳಿಯುತ್ತಿತ್ತು. ಅಣಕಿಸುವವನು ಎಂಬ ಹೆಸರನ್ನು ಅಳಿಸಲು ಹೊರಟವನಿಗೆ ಕಳ್ಳ ಎಂಬ ಹೆಸರು.

ಜೊತೆಗೆ ಒಬ್ಬರನ್ನು ಕರೆತರಬಹುದು ಎಂದು ಬರೆದಿದ್ದರು. ಸೀನಿಯರಿಗೆ ಹೇಳಿದೆ. ಅವರು ಕೊರಳಿಗೆ ವಕೀಲರ ಬಿಳಿ ಬ್ಯಾಂಡು ಕಟ್ಟಿ, ಕೋಟು ಹಾಕಿ, ಕೊಳ್ಳೇಗಾಲದ ತಮ್ಮ ಆಫೀಸಿನಲ್ಲೇ ನನ್ನ ಪಕ್ಕ ಕೂತರು. ನಾನು ಅವರನ್ನು ಅಣಕಿಸುವುದು ಇಡೀ ವಕೀಲರ ಸಂಘಕ್ಕೆ ಗೊತ್ತಿತ್ತು, ಅವರೊಬ್ಬರಿಗೆ ಬಿಟ್ಟು. ಮೊದಲ ಸಲ ಅವರೆದುರೇ ಮಾಡಬೇಕು, ಅದೂ ಸಾಕ್ಷ್ಯವಾಗಿ.

ಪರದೆಯ ಮೇಲೆ ಮೂವರು. ಬಿಳಿ ಗಡ್ಡದ ಅಧ್ಯಕ್ಷರು, ಮಗ್ಗಿನಿಂದ ಏನನ್ನೋ ಕುಡಿಯುತ್ತಲೇ ಇದ್ದ ಇನ್ನೊಬ್ಬರು, ಒಂದು ಮಾತೂ ಆಡದೆ ನೋಡುತ್ತಿದ್ದ ಕೆಂಪು ಸ್ವೆಟರಿನ ಹೆಂಗಸು. ಮೊದಲ ತುಣುಕು ಹಾಕಿದರು. ಎರಡು ಕೆಮ್ಮು, ಆಮೇಲೆ ಇಂಗ್ಲಿಷಿನಲ್ಲಿ ಎಳೆದು ಎಳೆದು, ಮೊದಲನೆಯದಾಗಿ ಈ ನ್ಯಾಯಾಲಯಕ್ಕೆ ಅಧಿಕಾರವಿದೆಯೇ ಎಂಬುದು. ಇದು ನಾನೇ ಎಂದೆ. ಮಾಡಿ ತೋರಿಸಿ ಎಂದರು. ಮಾಡಿದೆ. ಮಗ್ಗಿನವರು ಮಗ್ಗು ಕೆಳಗಿಟ್ಟರು. ಪಕ್ಕದಲ್ಲಿ ಸೀನಿಯರ್ ನಿಧಾನವಾಗಿ ನನ್ನ ಕಡೆ ತಿರುಗಿ, ಮೈಕು ಹಿಡಿಯದಷ್ಟು ಸಣ್ಣಗೆ ಕೇಳಿದರು:

"ನಾನ್ ಹಿಂಗಾ ಕೆಮ್ಮೋದು?"

"ಹೂಂ ಸಾ."

"ಎಲ್ರಿಗೂ ಗೊತ್ತಾ?"

"ಯಳಂದೂರಲ್ಲೂ ಗೊತ್ತು ಸಾ."

ಅವರು ಕೋಟಿನ ಗುಂಡಿ ಸರಿ ಮಾಡಿಕೊಂಡು ಮುಂದೆ ನೋಡಿದರು. ಮುಂದಿನದು ನಿಂಗಯ್ಯ. ಎರಡನೇ ಪ್ರಶ್ನೆ ಬಂದವ್ರಾ, ಎರಡನೇ ಪ್ರಶ್ನೆ ಬಂದವ್ರಾ ಎಂದು ಮೂರು ಸಲ ಕೂಗು. ಅದನ್ನೂ ಕೂಗಿದೆ. ಪಕ್ಕದ ಕೋಣೆಯಲ್ಲಿ ಕೂತಿದ್ದ ಒಬ್ಬ ಕಕ್ಷಿದಾರ ಗಾಬರಿಯಿಂದ ಎದ್ದು ಬಾಗಿಲಿಗೆ ಬಂದು ನಿಂತ. ಆಮೇಲೆ ಅವ್ವ. ಕಾಗದದ ಸದ್ದಿಗೆ ಫೋನಿನಲ್ಲಿದ್ದ ವಿಡಿಯೋ ತೋರಿಸಿದೆ. ಅಟ್ಟಣೆಯ ತುಂಬ ಹುಳುಗಳು ಸೊಪ್ಪು ತಿನ್ನುವ ಸದ್ದು, ಮುಗಿಯದ ಸಣ್ಣ ಮಳೆಯ ಹಾಗೆ. ಅಧ್ಯಕ್ಷರು ಅದನ್ನು ಇನ್ನೊಂದು ಸಲ ಹಾಕಿಸಿ ಕೇಳಿದರು. ಎಲ್ಲ ಸಲೀಸಾಗಿ ಮುಗಿಯಿತು ಎಂದುಕೊಂಡೆ.

ಆಗ ನಾಲ್ಕನೆಯ ದನಿ ಹಾಕಿದರು.

ಅದು ಕನ್ನಡ. ಒಬ್ಬ ಗಂಡಸು, ದಣಿದವನು, ಯಾರಿಗೂ ಕೇಳಿಸಬೇಕೆಂದಿಲ್ಲದ ಹಾಗೆ. "ಆಯ್ತದೆ ಬುಡು. ಇನ್ನೊಂದ್ ಅಷ್ಟೇಯ."

ಆ ದನಿ ನಾನು ಯಾವತ್ತೂ ಮಾಡಿದ್ದಲ್ಲ. ಅದು ಅಪ್ಪನ ಹಾಗಿತ್ತು. ಸಮಿತಿಯವರು ಅದನ್ನು ಭಾಷಾಂತರ ಮಾಡಿಸಿಟ್ಟುಕೊಂಡಿದ್ದರು. ಇದೊಂದೇ ಉಳಿದಿದೆ ಎಂದು ಯಾರೋ ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿರುವಂತೆ ಕಾಣುತ್ತದಲ್ಲ, ಇದು ಯಾರು ಎಂದು ಅಧ್ಯಕ್ಷರು ಕೇಳಿದರು. ಸೀನಿಯರ್ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಅದರರ್ಥ ನನಗೆ ಗೊತ್ತಿತ್ತು. ಮೂರನ್ನು ನನ್ನದೆಂದವನು ನಾಲ್ಕನೆಯದನ್ನೂ ನನ್ನದೆಂದರೆ ಮುಗಿಯುತ್ತಿತ್ತು. ಬಾಯಿ ತೆರೆದೆ. ಮಾಡಿ ತೋರಿಸಿ ಎಂದರೆ ಮಾಡಲು ಆ ದನಿ ಗಂಟಲಿಗೆ ಬರಲಿಲ್ಲ. ಗೊತ್ತಿಲ್ಲ, ನನ್ನ ತಂದೆಯ ಹಾಗೆ ಕೇಳಿಸುತ್ತದೆ ಎಂದುಬಿಟ್ಟೆ. ಹಾಗಾದರೆ ಮುಂದಿನ ವಾರ ತಂದೆಯವರನ್ನು ಕರೆತನ್ನಿ ಎಂದು ಪರದೆ ಮುಚ್ಚಿತು.

ಸೀನಿಯರ್ ಬ್ಯಾಂಡು ಬಿಚ್ಚುತ್ತ ಬೈದರು. ಹರಿಶ್ಚಂದ್ರನ ಪಾತ್ರ ಇವತ್ತೇ ಮಾಡಬೇಕಿತ್ತಾ ಎಂದರು. ಇನ್ನೂ ಏನೋ ಹೇಳುವ ಮುಂಚೆ ಕೆಮ್ಮು ಬಂತು, ಒಂದು ಸಲ ಕೆಮ್ಮಿ ಎರಡನೆಯದನ್ನು ನುಂಗಿಕೊಂಡರು.

ಹನೂರಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತೆ. ಕಂಡಕ್ಟರು, ಎಲ್ಲಿ, ನನ್ನ ಹಾಗೆ ಕೂಗಿ ಟಿಕೆಟ್ ಕೇಳು ಎಂದು ತಮಾಷೆಗೆ ಕರೆದರೆ ನನಗೆ ಕೈಯೆತ್ತುವ ಶಕ್ತಿಯೂ ಇರಲಿಲ್ಲ. ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿತ್ತು. ಪರೀಕ್ಷೆಯ ನಡುವೆ ಅಪ್ಪ ಹುಳು ನೋಡಲು ಒಳಗೆ ಬಂದಿದ್ದನೇ? ನಾನು ಮಂಪರಿನಲ್ಲಿ ಗಮನಿಸಲೇ ಇಲ್ಲವೇ? ಬಂದಿದ್ದರೆ ನನ್ನ ಕಥೆ ಮುಗಿಯಿತು, ಮತ್ತು ಅದನ್ನು ಮುಗಿಸಿದವನು ಅಪ್ಪ. ಇದನ್ನು ಅವನಿಗೆ ಹೇಗೆ ಹೇಳುವುದು?

ಅಪ್ಪ ತೋಟದಲ್ಲಿ ಮುಂದಿನ ಬೆಳೆಯ ಹುಳುಗಳಿಗೆ ಸೊಪ್ಪಿನ ಕಟ್ಟು ಬಿಗಿಯುತ್ತಿದ್ದ. ಪರೀಕ್ಷೆಯ ದಿನ ಎಲ್ಲಿದ್ದೆ ಎಂದು ಕೇಳಿದೆ. ಹೊನ್ನೂರಿನಲ್ಲಿ, ನಿನ್ನ ಅಕ್ಕನ ಮನೆಯಲ್ಲಿ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಸಾಕಾಗದೆ ತರಲು ಹೋಗಿದ್ದೆ, ನಿನ್ನ ಭಾವನ ಆಟೋದಲ್ಲಿ ಹೇರಿಕೊಂಡು ಬಂದದ್ದು ಮರೆತೆಯಾ ಎಂದ. ನಿಜ, ಅವನು ಬಂದಾಗ ದೀಪ ಹಚ್ಚುವ ಹೊತ್ತು. ಹಾಗಾದರೆ ಇದು ಯಾರು ಎಂದು, ಸಮಿತಿಯವರು ಕಳಿಸಿದ್ದ ಆ ತುಣುಕನ್ನು ಫೋನಿನಲ್ಲಿ ಹಾಕಿದೆ. ಅಪ್ಪ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದ. ಅವನ ಮುಖದಲ್ಲಿ ಏನೂ ಆಶ್ಚರ್ಯ ಕಾಣಲಿಲ್ಲ.

"ನಿಂದೇ ಕಣ್ಲಾ ಇದು."

ನಂದಲ್ಲ, ನಿಂದು ಎಂದೆ. ಅಷ್ಟರಲ್ಲಿ ಅವ್ವ ಬಂದಳು, ಅವಳಿಗೂ ಕೇಳಿಸಿದೆವು. ಅವಳು ಪೂರ್ತಿ ಕೇಳುವ ಮುಂಚೆಯೇ ನನ್ನ ಕಡೆ ಕೈ ತೋರಿಸಿ, ಇವನದೇ, ದಿನಾ ಬೆಳಗ್ಗೆ ಸೊಪ್ಪು ಕುಯ್ಯುವಾಗ ಸಾಲು ಮುಗಿಯೋ ಹೊತ್ತಿಗೆ ಹೀಗೇ ಅನ್ನುತ್ತಾನೆ ಎಂದು ಹೇಳಿ ಹುಳುಮನೆಯೊಳಗೆ ಹೋದಳು. ಅಪ್ಪ ಕಟ್ಟಿನ ಮೇಲೆ ಕೂತು ಬೀಡಿ ತೆಗೆದ.

"ಮೂರೊತ್ತೂ ಊರೋರ್ ಗಂಟ್ಲಲ್ಲಿ ಮಾತಾಡ್ತೀಯ. ನಿಂಗ್ಯಾವ್ದು ಅಂತ ನಿಂಗೇ ಗೊತ್ತಿಲ್ವೇನ್ಲಾ?"

ಅವನು ಅಣಕಕ್ಕೆ ಹೇಳಿದ್ದಲ್ಲ. ನಿಜವಾಗಿಯೂ ಗೊತ್ತಿಲ್ಲವೇ ಎಂದು ಕೇಳಿದ್ದ. ಉತ್ತರಕ್ಕೆ ನಾನು ಗಂಟಲು ಸರಿಮಾಡಿಕೊಂಡೆ, ಬಂದದ್ದು ಸೀನಿಯರ್ ಕೆಮ್ಮು.

ಮುಂದಿನ ವಾರ ಅಪ್ಪ ಮದುವೆಗೆ ಹಾಕುವ ಬಿಳಿ ಅಂಗಿ ಹಾಕಿ ನನ್ನ ಜೊತೆ ಕೊಳ್ಳೇಗಾಲಕ್ಕೆ ಬಂದ. ಸೀನಿಯರ್ ಅವನನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿದರು. ಆ ದಿನ ಹೊನ್ನೂರಿನಲ್ಲಿದ್ದೆ ಎಂದು ಅಪ್ಪ ಹೇಳಿದ್ದನ್ನು ನಾನು ಇಂಗ್ಲಿಷಿಗೆ ತಂದೆ. ಅಧ್ಯಕ್ಷರು ತಲೆದೂಗಿ, ದಯವಿಟ್ಟು ಆ ವಾಕ್ಯವನ್ನು ನಿಮ್ಮ ಬಾಯಿಂದ ಹೇಳಿ, ದನಿ ಹೋಲಿಸಬೇಕು ಎಂದರು. ಅಪ್ಪ ನೆಟ್ಟಗೆ ಕೂತ. ದೊಡ್ಡವರ ಮುಂದೆ ಹಳ್ಳಿ ಮಾತು ಆಡಬಾರದು ಎಂದು ಯಾರು ಹೇಳಿಕೊಟ್ಟಿದ್ದರೋ, ಸ್ಕೂಲಿನಲ್ಲಿ ಪಾಠ ಒಪ್ಪಿಸುವ ಹಾಗೆ ಜೋರಾಗಿ ಹೇಳಿದ.

"ಆಗುತ್ತದೆ ಬಿಡು. ಇನ್ನೊಂದು ಮಾತ್ರ ಇರುತ್ತದೆ."

ಸೀನಿಯರ್ ಕಣ್ಣು ಮುಚ್ಚಿಕೊಂಡರು. ಈಗ ನೀವು ಹೇಳಿ ಎಂದು ಅಧ್ಯಕ್ಷರು ನನ್ನ ಕಡೆ ತಿರುಗಿದರು. ಜನ್ಮದಲ್ಲೇ ಮೊದಲ ಸಲ ನನ್ನ ಗಂಟಲು ಕೈಕೊಟ್ಟಿತು. ಒಂದು ಸಲ ಮಾಡಿದೆ, ಅಪ್ಪನನ್ನು ಅಣಕಿಸಿದ ಹಾಗಾಯಿತು. ಇನ್ನೊಂದು ಸಲ ಮಾಡಿದೆ, ಅಪ್ಪನನ್ನು ಅಣಕಿಸುವ ಸೀನಿಯರ್ ಬಂದರು. ಮೂರನೆಯ ಸಲ ಯಾರೂ ಬರಲಿಲ್ಲ. ಮಗ್ಗಿನವರು ಬರೆದುಕೊಂಡರು. ಸರಿ, ಅದು ಹಾಗಿರಲಿ, ನಿಮಗೆ ವಿಷಯ ಎಷ್ಟು ಗೊತ್ತಿದೆ ನೋಡೋಣ ಎಂದು ಪರೀಕ್ಷೆಯ ಒಂದೊಂದೇ ಉತ್ತರ ತೆಗೆದು ಕೆದಕಲು ಶುರು ಮಾಡಿದರು.

ಅದು ಮುಗಿಯುವ ಹಾಗೆ ಕಾಣಲಿಲ್ಲ. ಇಬ್ಬರು ವ್ಯಾಪಾರಿಗಳು, ಎರಡು ದೇಶ, ಮೂರನೆಯ ದೇಶದಲ್ಲಿ ಪಂಚಾಯಿತಿ; ಒಬ್ಬನು ಬರಲಿಲ್ಲ, ತೀರ್ಪು ಕೊಟ್ಟರು, ನಾಲ್ಕನೆಯ ದೇಶದಲ್ಲಿ ಅದನ್ನು ಜಾರಿ ಮಾಡುವುದು ಹೇಗೆ? ಹೇಳಿದೆ. ತೀರ್ಪು ಕೊಟ್ಟವರಿಗೆ ಅಧಿಕಾರವಿರಲಿಲ್ಲ ಎಂದು ಅವನು ಆಮೇಲೆ ಬಂದು ತಕರಾರು ತೆಗೆದರೆ? ಹೇಳಿದೆ. ಮೊದಲು ಸೀನಿಯರ್ ದನಿ ನೆರವಿಗೆ ಬರುತ್ತಿತ್ತು, ಅವರು ಪಕ್ಕದಲ್ಲೇ ಕೂತಿದ್ದರಿಂದ ನಾಚಿಕೊಂಡು ಹೋಯಿತು. ಆಮೇಲೆ ಅವ್ವನೂ ಹೋದಳು. ಹೊರಗೆ ಮಳೆ ಹಿಡಿಯಿತು, ಕರೆಂಟು ಹೋಯಿತು, ಫ್ಯಾನು ನಿಂತಿತು, ಪರದೆ ಮಾತ್ರ ಬ್ಯಾಟರಿಯ ಮೇಲೆ ಉಳಿಯಿತು. ಬೆಳಗ್ಗೆ ಕುಯ್ದ ಸೊಪ್ಪಿನ ನೋವು ಹೆಗಲಿನಿಂದ ಕುತ್ತಿಗೆಗೆ ಏರಿತ್ತು. ಇಂಗ್ಲಿಷು ತುಂಡು ತುಂಡಾಗಿ, ಯಾರ ಹಾಗೂ ಇಲ್ಲದೆ ಬರುತ್ತಿತ್ತು. ತಪ್ಪಾದರೆ ತಪ್ಪು ಎಂದು ಹೇಳಿ ಸರಿ ಮಾಡುತ್ತಿದ್ದೆ. ಅಧ್ಯಕ್ಷರು ಹಾಳೆ ತಿರುವಿ, ಕೊನೆಯದೊಂದು ಪ್ರಶ್ನೆ ಇದೆ ಎಂದರು.

ನೀರಿನ ಲೋಟಕ್ಕೆ ಕೈ ಚಾಚಿ, ಕಿಟಕಿಯ ಕಡೆ ಮುಖ ತಿರುಗಿಸಿದೆ. ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು ಮತ್ತೆ ಪರದೆ ನೋಡಿದರೆ ಅಷ್ಟು ಹೊತ್ತು ಮಾತೇ ಆಡದ ಕೆಂಪು ಸ್ವೆಟರಿನ ಹೆಂಗಸು ಕೈಯೆತ್ತಿದ್ದರು. ಈಗ ಆ ವಾಕ್ಯ ಹೇಳಿದ್ದು ಯಾರು ಎಂದು ಕೇಳಿದರು.

ಯಾರೂ ಮಾತಾಡಲಿಲ್ಲವಲ್ಲ ಎಂದು ಅಪ್ಪನ ಕಡೆ ನೋಡಿದೆ. ಅಪ್ಪ, ತೋಟದಲ್ಲಿ ಹಿಡಿದ ಕಳ್ಳನನ್ನು ಊರಿಗೆ ತೋರಿಸುವ ಹಾಗೆ, ಬೆರಳು ಚಾಚಿ ನನ್ನನ್ನು ತೋರಿಸುತ್ತಿದ್ದ. ಸೀನಿಯರೂ ತೋರಿಸುತ್ತಿದ್ದರು. ಇನ್ನೊಂದು ಸಲ ಹೇಳುತ್ತೀರಾ ಎಂದು ಆ ಹೆಂಗಸು ಕೇಳಿದರು. ಏನನ್ನು ಎಂದೆ. ಅವರ ಮುಖದಲ್ಲಿ ಸಣ್ಣ ನಗು ಬಂತು. ಪರವಾಗಿಲ್ಲ, ರೆಕಾರ್ಡ್ ಆಗಿದೆ ಎಂದರು. ಕೊನೆಯ ಪ್ರಶ್ನೆ ಯಾವುದಿತ್ತು, ಅದಕ್ಕೆ ನಾನೇನು ಹೇಳಿದೆ ಎಂಬುದು ಇವತ್ತಿಗೂ ನೆನಪಿಲ್ಲ.

ಆರೋಪ ಕೈಬಿಟ್ಟಿದ್ದೇವೆ ಎಂದು ಮೇಲ್ ಬಂತು, ಇನ್ನು ಮುಂದೆ ಬಾಯಿ ಮುಚ್ಚಿಕೊಂಡು ಬರೆಯುವುದು ಒಳ್ಳೆಯದು ಎಂಬ ಹಿತವಚನವನ್ನು ಅದೇ ಮರ್ಯಾದೆಯ ಇಂಗ್ಲಿಷಿನಲ್ಲಿ ಸೇರಿಸಿ. ಅಂಕ ಬಹಳವೇನೂ ಬರಲಿಲ್ಲ. ಪದವಿಯ ಕಾಗದ ಬಂದಾಗ ಅವ್ವ ಅದನ್ನು ಒರೆಸಿಕೊಂಡ ಕೈಯಲ್ಲಿ ಹಿಡಿದು, ಒದ್ದೆ ಸೊಪ್ಪಿನಿಂದ ದೂರ ಇಡಬೇಕೆಂದು ಬೀರುವಿನ ಮೇಲೆ ಇಟ್ಟಳು. ಡೇರಿಯ ಮುಂದೆ, ಕೊನೆಗೂ ಫಾರಿನ್ನಿನವರು ಇವನನ್ನು ವಾಪಸ್ ಕಳಿಸಿದರು ಎಂದು ಮಾತಾಯಿತು. ಸೀನಿಯರ್ ಕೋರ್ಟಿನಲ್ಲಿ ಈಗ ಒಂದೇ ಸಲ ಕೆಮ್ಮುತ್ತಾರೆ. ನನಗೆ ಅವರನ್ನು ಹೊಸದಾಗಿ ಕಲಿಯಬೇಕಾಗಿದೆ. ಈಚೆಗೆ ಸಣ್ಣ ಪುಟ್ಟ ಕೇಸುಗಳನ್ನು ನನಗೇ ವಾದ ಮಾಡಲು ಬಿಡುತ್ತಾರೆ. ನಾನು ಎದ್ದು ನಿಂತರೆ ಜನ ಇನ್ನೂ ಯಾರದೋ ದನಿಗೆ ಕಾಯುತ್ತಾರೆ. ದಣಿದಿದ್ದ ದಿನ ಯಾರದೂ ಬರುವುದಿಲ್ಲ, ಆ ದಿನಗಳಲ್ಲಿ ವಾದ ಸ್ವಲ್ಪ ಚೆನ್ನಾಗಿರುತ್ತದೆ ಎಂದು ನಿಂಗಯ್ಯ ಹೇಳಿದ. ಕ್ಯಾಂಟೀನಿನಲ್ಲಿ ಎಲ್ಲರ ದನಿ ಮುಗಿದ ಮೇಲೆ ನಿಂದು ಮಾಡು ಎಂದು ಕೇಳುತ್ತಾರೆ. ಅದೊಂದು ಮಾತ್ರ ಕೇಳಿದಾಗ ಬರುವ ದನಿಯಲ್ಲ.

ಮೊನ್ನೆ ಹುಳುಮನೆಯಿಂದ ಹೊರಗೆ ಬಂದು ಕುಡುಗೋಲು ತೆಗೆದುಕೊಂಡೆ. ಚಾಕಿ ಮರಿಗಳು, ಅಂದರೆ ಹೊಸ ಬೆಳೆಯ ಎಳೆ ಹುಳುಗಳು, ಬರುವ ಮುಂಚೆ ಗಿಡ ಸವರಬೇಕಿತ್ತು. ಅಪ್ಪ ಒಂದು ಸಾಲು, ನಾನು ಪಕ್ಕದ ಸಾಲು. ಬಿಸಿಲು ಏರಿತು, ಬೆನ್ನು ಹಿಡಿಯಿತು, ಸಾಲಿನ ಕೊನೆ ಹತ್ತಿರ ಬಂದಂತೆ ಇಬ್ಬರ ಕೈಯೂ ನಿಧಾನವಾಯಿತು.

"ಆಯ್ತದೆ ಬುಡು. ಇನ್ನೊಂದ್ ಅಷ್ಟೇಯ."

ನಾನು ತಲೆಯೆತ್ತಿ ಅಪ್ಪನನ್ನು ನೋಡಿದೆ. ಅಪ್ಪನೂ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದ.

"ಏನಂದೆ?" ಎಂದು ಇಬ್ಬರೂ ಕೇಳಿದೆವು.